ಹದಿನೈದನೆಯವನು

ಸೊಲ್ಲಾಪುರದ ಪ್ಯಾಸೆಂಜರು ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ನಿಂತಾಗ ಶಾಂತಲಿಂಗಪ್ಪನ ಗಡಿಯಾರದಲ್ಲಿ ಎರಡು ಹೊಡೆದು ಹದಿನೇಳು ನಿಮಿಷವಾಗಿತ್ತು. ನಾಲ್ಕು ನಿಮಿಷ ತಡ. ಹನ್ನೊಂದು ವರ್ಷದಿಂದ ಸೊಲ್ಲಾಪುರದ ಒಂದು ಗಿರಣಿಯ ಗೇಟಿನಲ್ಲಿ ಟೈಮ್‌ಕೀಪರ್ ಆಗಿ ಕೂತವನಿಗೆ ಯಾವುದನ್ನು ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಅದು ಎಷ್ಟು ತಡವಾಯಿತು ಎಂಬುದು. ಇಳಿದವರು ಒಂಬತ್ತು ಮಂದಿ. ಐವರು ಹಳಿ ದಾಟಿ ಹೊಲದ ದಾರಿ ಹಿಡಿದರು, ಮೂವರು ಟಾಂಗಾಗಳ ಕಡೆ ನಡೆದರು, ಅವನೊಬ್ಬ ನೀರಿನ ನಳದ ಹತ್ತಿರ ನಿಂತ. ಊರು ಇಲ್ಲಿಂದ ಏಳು ಮೈಲು. ರೈಲಿನವರು ಸ್ಟೇಶನ್ನಿಗೆ ಊರಿನ ಹೆಸರು ಇಟ್ಟು ಊರನ್ನು ದೂರವೇ ಬಿಟ್ಟಿದ್ದರು. ನಡುವಿನ ಆ ಏಳು ಮೈಲಿನ ಮೇಲೆ ಇಪ್ಪತ್ತು ಮನೆಗಳ ಟಾಂಗಾದವರು ಬದುಕಿದ್ದರು. ಅಂಗಳದಲ್ಲಿ ಆರು ಟಾಂಗಾಗಳು ಒಂದರ ಹಿಂದೊಂದು ಲೈನಿನಲ್ಲಿದ್ದವು. ಏಳನೆಯದು ಲೈನಿನಲ್ಲಿರಲಿಲ್ಲ. ಅದು ಅಂಗಳದ ಆಚೆ, ಚರಂಡಿಯ ಆಚೆ, ಬೇವಿನ ಗಿಡದ ಕೆಳಗೆ ನಿಂತಿತ್ತು. ಅದು ಅಮೋಗಸಿದ್ಧನದು ಎಂದು ನೋಡದೆಯೂ ಅವನಿಗೆ ಗೊತ್ತಿತ್ತು. ಹಿಂದೆ ಬಂದ ಎರಡು ಸಲವೂ ಆ ಕಡೆ ಕತ್ತು ತಿರುಗಿಸದೆ ಲೈನಿನ ಮೊದಲ ಟಾಂಗಾ ಹತ್ತಿ ಊರಿಗೆ ಹೋಗಿದ್ದ. ಹೋದ ಮೇಲೆ ಅವನ ಕತ್ತು ನಿಜವಾಗಿಯೂ ನೋಯುತ್ತಿತ್ತು. ಹೆಂಡತಿ ನೀಲಾಬಾಯಿ ಎಣ್ಣೆ ಹಚ್ಚಿ ತಿಕ್ಕಿದ್ದಳು.

ನಳದ ನೀರು ಬಿಸಿ ಇತ್ತು. ಬಾಯಿ ಮುಕ್ಕಳಿಸುವಾಗ, ಅಮೋಗಸಿದ್ಧನ ತಾಯಿಗೆ ಆ ದಿನ ಗಡಿಯ ತಪಾಸಣೆ ನಾಕೆಯಲ್ಲಿ ಸಿಪಾಯಿ ನೀರು ಕೊಟ್ಟನೇ ಎಂಬ ಪ್ರಶ್ನೆ ಬಂತು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವಿಚಾರಣೆಯ ಕಚೇರಿಯ ಕಾಗದದಲ್ಲಿ ಹದಿನೇಳು ಪ್ರಶ್ನೆಗಳಿದ್ದವು, ಇದು ಅವುಗಳಲ್ಲಿ ಇರಲಿಲ್ಲ. ಕೆಲವು ಸಿಪಾಯಿಗಳು ನಡೆದು ದಾಟುವವರಿಗೆ ಕೊಡದಿಂದ ಒಂದು ತಂಬಿಗೆ ನೀರು ಕೊಡುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ವಿಷಯವದು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಓಡುತ್ತಿದ್ದ ಸಾಯಬಣ್ಣನ ಮೋಟಾರಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಸೀಟು ಎಂದು ಬರೆದಿತ್ತು. ಅಕ್ಕಲಕೋಟ ಸಂಸ್ಥಾನದ ಗಡಿಯ ನಾಕೆಯಲ್ಲಿ ಸಿಪಾಯಿ ಬೆತ್ತದ ತುದಿಯಿಂದ ಒಂದೊಂದೇ ತಲೆ ಎಣಿಸುತ್ತಿದ್ದ. ಹದಿನೈದಾದರೆ ಮೋಟಾರು ಅಲ್ಲೇ ನಿಲ್ಲಬೇಕು. ಆದ್ದರಿಂದ ನಾಕೆಗೆ ಒಂದು ಫರ್ಲಾಂಗು ಈಚೆಗೆ ಹದಿನಾಲ್ಕಕ್ಕೆ ಮೀರಿದವರು ಇಳಿದು, ಹೊಲಕ್ಕೆ ಹೊರಟವರಂತೆ ನಡೆದು ನಾಕೆ ದಾಟಿ, ಆಚೆ ಒಂದು ಫರ್ಲಾಂಗಿನ ಮೇಲೆ ಮತ್ತೆ ಹತ್ತುತ್ತಿದ್ದರು. ಕಾಲಿನ ಮೇಲೆ ಇರುವವನು ಮೋಟಾರಿನವನಲ್ಲ. ಸಿಪಾಯಿಯ ಕಣ್ಣ ಮುಂದೆಯೇ ನಡೆಯುತ್ತಿದ್ದ ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟೂ ಇತ್ತು: ಕಡೆಗೆ ಹತ್ತಿದವನು ಮೊದಲು ಇಳಿಯಬೇಕು. ಹಳ್ಳಿಯ ಗೌಡನಾದರೂ ಇಳಿದದ್ದನ್ನು ಶಾಂತಲಿಂಗಪ್ಪ ಕಣ್ಣಾರೆ ಕಂಡಿದ್ದ.

ಏಪ್ರಿಲ್ ಒಂಬತ್ತನೆಯ ತಾರೀಖು, ಶನಿವಾರ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸೊಲ್ಲಾಪುರ ಬಿಟ್ಟ ಮೋಟಾರಿಗೆ ಕಡೆಗೆ ಹತ್ತಿದವನು ಅವನೇ. ಹದಿನಾಲ್ಕು ಜನ ತುಂಬಿ ಎಂಜಿನ್ನು ಗುರುಗುಟ್ಟುತ್ತಿದ್ದಾಗ ಕೊಡೆ ಎತ್ತಿ ಕೂಗಿದ್ದ. ಸಾಯಬಣ್ಣನೇ ಮಾಲಕ, ಸಾಯಬಣ್ಣನೇ ಡ್ರೈವರು. ಅವನು ಹಿಂದೆ ತಿರುಗಿ, "ಸರೀರಿ ಸರೀರಿ, ನಮ್ಮ ಟೈಮಿನ ಸಾಹೇಬ್ರು ಬಂದಾರ, ಇವತ್ತ ಅವರ ತಡಾ ಮಾಡ್ಯಾರ, ನನ್ನ ಹಾಜರಿ ಕಟ್ ಮಾಡಂಗಿಲ್ಲ" ಎಂದ. ಎಲ್ಲರೂ ನಕ್ಕು ಜಾಗ ಮಾಡಿದರು. ಅವನಿಗೆ ಸಿಕ್ಕಿದ್ದು ಹಿಂದಿನ ಬೆಂಚಿನ ತುದಿ, ಒಬ್ಬ ಮುದುಕಿಯ ಪಕ್ಕ. ಆಕೆಯ ತೊಡೆಯ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಮಗಳು ಕೊಟ್ಟ ಬಾಣಂತಿ ಮನೆಯ ಅಂಟಿನುಂಡೆ. ಕುಂಭಾರಿ ಊರು ದಾಟುವಷ್ಟರಲ್ಲಿ ಆಕೆ ತನ್ನ ಹೆಸರು ಮಲಕಮ್ಮ ಎಂದೂ, ಮೊಮ್ಮಗ ಹುಟ್ಟಿದ್ದಾನೆಂದೂ, ತನ್ನ ಮಗ ಸ್ಟೇಶನ್ನಿನ ಟಾಂಗಾದ ಅಮೋಗಸಿದ್ಧನೆಂದೂ ಹೇಳಿದ್ದಳು. ಅವನಿಗೆ ಆಶ್ಚರ್ಯವಾಯಿತು. ಟಾಂಗಾದವರ ಆಣೆಯ ಸುದ್ದಿ ಊರಲ್ಲೆಲ್ಲ ಗೊತ್ತಿತ್ತು. ಹೋದ ದೀಪಾವಳಿಗೆ ಎರಡನೆಯ ಮೋಟಾರು ಬಂದು, ಹತ್ತಾಣೆಯ ಪ್ರಯಾಣ ಆರಾಣೆ, ಆಮೇಲೆ ನಾಲ್ಕಾಣೆ ಆದಾಗ, ರೈಲಿನಿಂದ ಇಳಿಯುವವರು ಅರ್ಧಕ್ಕರ್ಧ ಕಡಿಮೆಯಾದರು. ಆಗ ಟಾಂಗಾದವರೆಲ್ಲ ಹುಲಜಂತಿಯ ಮಹಾಲಿಂಗರಾಯನ ಭಂಡಾರ, ಆ ದೇವರ ಅರಿಶಿನ ಪುಡಿ, ಅಂಗೈಯಲ್ಲಿ ಹಿಡಿದು, ತಮ್ಮ ಮನೆಯ ಒಂದು ಕಾಲೂ ಮೋಟಾರು ಹತ್ತುವುದಿಲ್ಲ ಎಂದು ಆಣೆ ಮಾಡಿದ್ದರು. ಮುರಿದವನ ಗಾಡಿ ಲೈನಿನಿಂದ ಹೊರಗೆ.

"ಮತ್ತ ನೀ ಹತ್ತೀಯಲ್ಲಬೇ?" ಎಂದು ಅವನು ಕೇಳಿದ್ದ.

"ಹತ್ತೀನಿ ನೋಡಪ್ಪ. ಮೋಟಾರ ಮಗಳ ಬಾಗಲದಾಗ ನಿಂದರ್ತದ. ರೈಲಿಗಿ ಹೋಗಬೇಕಂದ್ರ ಎರಡು ಮೈಲು ನಡೀಬೇಕು. ಆಣಿ ಮಾಡಿದ್ದು ನನ್ನ ಮಗ, ನನ್ನ ಮೊಳಕಾಲು ಮಾಡಿಲ್ಲ." ಬೊಚ್ಚು ಬಾಯಿ ತೆರೆದು ನಕ್ಕಳು. ಆಮೇಲೆ ಬುಟ್ಟಿಯಿಂದ ಒಂದು ಉಂಡೆ ತೆಗೆದು ಅವನ ಕೈಯಲ್ಲಿಟ್ಟು, "ಅವಗ ಹೇಳಬ್ಯಾಡ್ರಿ ಮತ್ತ. ಊರ ಹೊರಗ ಇಳದು ನಡಕೋತ ಹೋಗ್ತೀನಿ" ಎಂದಳು.

ಉಂಡೆಯನ್ನು ಅವನು ತಿಂದಿದ್ದ. ಈಗ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ, ತಿಂದದ್ದು ವಳಸಂಗದ ಮೊದಲೋ ನಂತರವೋ ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ನಂತರವೇ. ಏಕೆಂದರೆ ವಳಸಂಗದಲ್ಲಿ ಹಿಂದಿನ ಮೋಟಾರಿನ ಹಾರ್ನು ಮೊದಲ ಸಲ ಕೇಳಿಸಿತ್ತು, ಆಗ ಉಂಡೆ ಇನ್ನೂ ಬುಟ್ಟಿಯಲ್ಲೇ ಇತ್ತು. ಹನ್ನೆರಡು ಮೂವತ್ತೆಂಟಕ್ಕೆ ನಾಕೆಯ ಈಚೆ ಗಾಡಿ ನಿಂತಿತು. ಸಾಯಬಣ್ಣ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿ, "ಯಾರ್ರೀ ಒಬ್ರು?" ಎಂದ. ಹೆಸರು ಹಿಡಿದು ಹೇಳುವುದು ಆ ದಾರಿಯ ಪದ್ಧತಿಯಲ್ಲ. ಇಳಿಯಬೇಕಾದವನು ತಾನೇ ಇಳಿಯಬೇಕು. ಶಾಂತಲಿಂಗಪ್ಪನಿಗೆ ಗೊತ್ತಿತ್ತು, ಉಳಿದ ಹದಿನಾಲ್ಕು ಮಂದಿಗೂ ಗೊತ್ತಿತ್ತು, ಯಾರೂ ಅವನನ್ನು ನೋಡಲಿಲ್ಲ. ನೋಡದಿರುವುದರಲ್ಲೇ ಎಲ್ಲರೂ ನೋಡುತ್ತಿದ್ದರು. ಅವನ ಧೋತರ ಆ ದಿನ ಇಸ್ತ್ರಿಯದು. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಇವೆರಡು ಕಾರಣಗಳನ್ನು ಅವನು ಆಮೇಲೆ ಸೇರಿಸಿಕೊಂಡನೇ ಅಥವಾ ಆಗಲೇ ಇದ್ದವೇ, ಅದು ಮಾತ್ರ ಎಷ್ಟು ಯೋಚಿಸಿದರೂ ನಿಶ್ಚಯವಾಗಿರಲಿಲ್ಲ. ದಾರಿಯ ಪಕ್ಕದ ಜಾಲಿಯ ಗಿಡವನ್ನು ಏನೋ ಹುಡುಕುವವನಂತೆ ನೋಡಿದ. ಹೆಚ್ಚೆಂದರೆ ಹತ್ತು ಸೆಕೆಂಡು. ಗಿರಣಿಯಲ್ಲಿ ಹತ್ತು ಸೆಕೆಂಡಿಗೆ ಹಾಜರಿ ಹೋಗುವುದಿಲ್ಲ.

"ನಾ ಇಳೀತೀನಿ ತಗೀರಿ," ಎಂದಳು ಮಲಕಮ್ಮ. "ಕೂತು ಕೂತು ಕಾಲು ಹಿಡದಾವ. ಬುಟ್ಟಿ ಹಿಡೀರಿ ಯಪ್ಪಾ."

ಬುಟ್ಟಿ ಹಿಡಿದುಕೊಂಡ. ಆಕೆ ಇಳಿಯುವಾಗ ಅವನಿಗೆ ಕೃತಜ್ಞತೆ ಅನ್ನಿಸಲಿಲ್ಲ, ಸಿಟ್ಟು ಬಂದಿತ್ತು: ಈ ಮುದುಕಿ ಇನ್ನು ಐದು ಸೆಕೆಂಡು ತಡೆದಿದ್ದರೆ ತಾನೇ ಇಳಿಯುತ್ತಿದ್ದೆ. ಸಿಪಾಯಿ ಹದಿನಾಲ್ಕು ಎಣಿಸಿ ಕೈ ಬೀಸಿದ. ಮೋಟಾರು ಆಚೆಯ ಫರ್ಲಾಂಗು ಕಲ್ಲಿನ ಹತ್ತಿರ ನಿಧಾನವಾಯಿತು. ಹಿಂದೆ ಧೂಳಿನಲ್ಲಿ ಕೆಂಪು ಸೀರೆ ಕಾಣುತ್ತಿತ್ತು, ಅದರ ಹಿಂದೆ ನಾಕೆ, ನಾಕೆಯ ಹಿಂದೆ ಇನ್ನೊಂದು ಧೂಳು. ಎರಡನೆಯ ಮೋಟಾರು. ಮುಂದಿನ ಊರಿನ ಕಟ್ಟೆಯಲ್ಲಿ ಆರೇಳು ಮಂದಿ ಕಾದಿರುತ್ತಾರೆ, ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಆ ಮಂದಿ. ಸಾಯಬಣ್ಣ, "ಹಿಂದಿನ ಗಾಡ್ಯಾಗ ಬರ್ತಾಳ ತಗೀರಿ" ಎಂದು ಗೇರು ಬದಲಿಸಿದ. ಶಾಂತಲಿಂಗಪ್ಪನ ಕೈ ಮೇಲೆ ಎದ್ದಿತ್ತು. ಎದ್ದ ಕೈ ಟೋಪಿಯನ್ನು ಸರಿಮಾಡಿ ಕೆಳಗಿಳಿಯಿತು.

ಉಳಿದದ್ದು ಸೋಮವಾರ ಗಿರಣಿಯ ಗೇಟಿನಲ್ಲಿ ಬಂದ ಸುದ್ದಿ. ಹಿಂದಿನ ಮೋಟಾರಿನವನು ಆಕೆಯನ್ನು ಕಂಡು ನಿಲ್ಲಿಸಿದ್ದ, ನಾಲ್ಕಾಣೆ ಕೇಳಿದ್ದ. ಆಕೆ, ನಾನು ಕೊಟ್ಟಿದ್ದೇನೆ, ನನ್ನ ಗಾಡಿ ಮುಂದೆ ನಿಂತಿರುತ್ತದೆ ಎಂದಿದ್ದಳು. ಎಂಟು ಮೈಲಿನಲ್ಲಿ ಆರು ನಡೆದಿದ್ದಳು. ಸಂಜೆ ಎತ್ತಿನ ಬಂಡಿಯವರು ಕಂಡಾಗ ಒಂದು ದಿಬ್ಬಕ್ಕೆ ಒರಗಿ ಕೂತಿದ್ದಳು, ಉಸಿರಿರಲಿಲ್ಲ, ಮೈ ಇನ್ನೂ ಬಿಸಿ ಇತ್ತು. ಅದು ಜೀವದ ಬಿಸಿಯೋ ಬಿಸಿಲಿನ ಬಿಸಿಯೋ ಹೇಳಲಾಗದು ಎಂದು ಅವರು ಹೇಳಿದ್ದರು. ಬುಟ್ಟಿಯನ್ನು ಶಾಂತಲಿಂಗಪ್ಪ ಅಕ್ಕಲಕೋಟದ ಮೋಟಾರು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಹಿಂದಿನ ಗಾಡಿಯಲ್ಲಿ ಬರುವವಳಿಗೆ ಕೊಡಿ ಎಂದು ಇಟ್ಟು, ಮನೆಗೆ ಹೋಗಿ ಊಟ ಮಾಡಿ ಮಲಗಿದ್ದ.

ಏಪ್ರಿಲ್ ಇಪ್ಪತ್ತೇಳಕ್ಕೆ ರಜೆ ಹಾಕಿ ಸೊಲ್ಲಾಪುರದ ಕಚೇರಿಗೆ ಹೋದ. ಯಾರೂ ಕರೆದಿರಲಿಲ್ಲ, ಮೋಟಾರುಗಳ ವಿಚಾರಣೆ ನಡೆದಿದೆ, ಕಂಡವರು ಬಂದು ಹೇಳಬಹುದು ಎಂಬ ನೋಟೀಸನ್ನು ಓದಿ ತಾನಾಗಿ ಹೋದ. ರೈಲು ಇದ್ದ ದಾರಿಯಲ್ಲಿ ಮೋಟಾರುಗಳು ಮನಸ್ಸಿಗೆ ಬಂದಂತೆ ಓಡಬೇಕೇ, ಒಂದು ದಾರಿಗೆ ಒಬ್ಬನೇ ಮಾಲಕನಿರಬೇಕೇ ಎಂದು ಸರಕಾರ ಮಾಹಿತಿ ಕೂಡಿಸುತ್ತಿತ್ತು. ಸಾಹೇಬರು ಸಭ್ಯರು. "ಬಸಾ, ಬಸಾ," ಎಂದು ಕುರ್ಚಿ ತೋರಿಸಿದರು. ಇವನು ಹೇಳಿದ ಹೊತ್ತುಗಳನ್ನು ಕೇಳಿ, ಇಷ್ಟು ಖಚಿತವಾದ ಸಾಕ್ಷಿ ಈ ವಿಚಾರಣೆಯಲ್ಲಿ ಇನ್ನೊಂದು ಬಂದಿಲ್ಲ ಎಂದು ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಯಿತು. ಹಿತವಾದದ್ದನ್ನು ಗಮನಿಸಿ ನಾಚಿದ. ಎಲ್ಲ ಹೇಳಿ ಮುಗಿದ ಮೇಲೆ, ಅದಕ್ಕಾಗಿಯೇ ಬಂದಿದ್ದ ಮಾತನ್ನು ಹೇಳಿದ: ಇಳಿಯಬೇಕಾದವನು ನಾನು, ಕಡೆಗೆ ಹತ್ತಿದವನು ನಾನು. ಸಾಹೇಬರು ಲೇಖಣಿ ಎತ್ತಿ, ಕಡೆಗೆ ಹತ್ತಿದವನೇ ಇಳಿಯಬೇಕೆಂದು ಯಾವ ಕಾಯದೆಯಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದರು. ಕಾಯದೆಯಲ್ಲಿಲ್ಲ, ರೂಢಿ ಎಂದ. ಹಾಗಾದರೆ ಅದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಹದಿನೈದನೆಯವರನ್ನು ಹತ್ತಿಸಿದ್ದೇ ತಪ್ಪು, ತಪ್ಪು ಹತ್ತಿಸಿದವನದು ಎಂದರು. ಅದು ಸರಿಯೇ ಇತ್ತು. ಬರೆಯುವವನು ಓದಿ ಹೇಳಿದಾಗ ಒಂದು ವಾಕ್ಯ ಹೀಗಿತ್ತು: ಡ್ರೈವರನು ಸದರಿ ಮುದುಕಿಯನ್ನು ಇಳಿಸಿದನು. ಇಳಿಸಲಿಲ್ಲ, ಆಕೆ ತಾನಾಗಿ ಇಳಿದಳು ಎಂದ. ಎರಡರ ಅರ್ಥ ಒಂದೇ, ಕಾಗದ ಬರೆದಾಗಿದೆ ಎಂದ ಬರೆಯುವವನು. ಗಿರಣಿಗೆ ಐದು ನಿಮಿಷ ತಡವಾಗಿ ಬಂದ ಹೆಣ್ಣಾಳನ್ನು ಅರ್ಧ ದಿನ ಗೇಟಿನ ಹೊರಗೆ ನಿಲ್ಲಿಸಿದವನು, ಆ ವಾಕ್ಯದ ಕೆಳಗೆ ಸಹಿ ಮಾಡಿದ.

ಮೇ ತಿಂಗಳಲ್ಲಿ ಹುಕುಮು ಬಂತು. ಸಾಯಬಣ್ಣನ ಪರವಾನಗಿ ಹೋಯಿತು, ಎರಡನೆಯವನದೂ ಹೋಯಿತು. ಈಗ ದಾರಿಯ ಮೇಲೆ ಹೊರಗಿನ ಒಬ್ಬ ಸಾವಕಾರನ ಒಂದೇ ಮೋಟಾರು, ದಿನಕ್ಕೆ ಎರಡು ಸಲ, ಗಂಟೆ ಹೊಡೆದಂತೆ ಹೊರಡುತ್ತದೆ, ಹದಿನಾಲ್ಕು ಎಂದರೆ ಹದಿನಾಲ್ಕೇ, ದರ ಹತ್ತಾಣೆ. ಅದರಲ್ಲಿ ಯಾರೂ ಇಳಿದು ನಡೆಯುವುದಿಲ್ಲ. ಹತ್ತಾಣೆ ಇಲ್ಲದವರು ಸೊಲ್ಲಾಪುರದಿಂದಲೇ ನಡೆಯುತ್ತಾರೆ, ಇಲ್ಲವೆ ರೈಲಿಗೆ ಬರುತ್ತಾರೆ. ರೈಲಿನಿಂದ ಇಳಿಯುವವರು ಹೆಚ್ಚಿ ಟಾಂಗಾಗಳಿಗೆ ಮತ್ತೆ ಜೀವ ಬಂದಿತ್ತು, ಅಮೋಗಸಿದ್ಧನದಕ್ಕೆ ಬಿಟ್ಟು. ನಾಲ್ಕಾಣೆಯ ದಿನಗಳಲ್ಲಿ ಶಾಂತಲಿಂಗಪ್ಪ ಪ್ರತಿ ಶನಿವಾರ ಮಕ್ಕಳ ಮುಖ ನೋಡುತ್ತಿದ್ದ. ಅದಕ್ಕೆ ಮೊದಲು ತಿಂಗಳಿಗೊಮ್ಮೆ.

ನಳ ನಿಲ್ಲಿಸಿ ಅಂಗಳ ದಾಟಿದ. ಲೈನಿನ ಮೊದಲ ಟಾಂಗಾದ ಖಂಡೆಪ್ಪ, ಟಾಂಗಾದವರಿಗೆಲ್ಲ ಹಿರಿಯ, ಚಾವಟಿಯ ಹಿಡಿಕೆಯಿಂದ ಬೆನ್ನು ತುರಿಸಿಕೊಳ್ಳುತ್ತ ಕೂಗಿದ: "ಏ ಕಾರಕೂನ್ರ, ಅದು ಲೈನಿನ ಗಾಡಿ ಅಲ್ರೀ. ಆ ಕುದರಿ ನಿಮ್ಮನ್ನ ಎಳಿಯೂದಿಲ್ಲ, ನೀವ ಅದನ್ನ ಎಳೀಬೇಕು!" ಉಳಿದವರು ನಕ್ಕರು. ಅಮೋಗಸಿದ್ಧ ಕುದುರೆಯ ಕುತ್ತಿಗೆಯ ಹುಣ್ಣಿಗೆ ಅರಿಶಿನ ಹಚ್ಚುತ್ತಿದ್ದ. ಮೂವತ್ತರ ಆಸುಪಾಸು, ತಾಯಿಯದೇ ಅಗಲ ಹಣೆ. ಅವನು ಇವನನ್ನು ನೋಡಿ ಗುರುತಿನ ನಗೆ ನಕ್ಕದ್ದು ಶಾಂತಲಿಂಗಪ್ಪನಿಗೆ ಅನಿರೀಕ್ಷಿತವಾಗಿತ್ತು. ಎದೆಯಲ್ಲಿ ಎಂಟು ವಾರ ಜೋಡಿಸಿದ ಮಾತು ಒಂದೇ ಸಾಲಾಗಿ ಹೊರಬಿತ್ತು.

"ಅಮೋಗಿ, ಆ ದಿನ ಇಳೀಬೇಕಾದವ ನಾನು."

"ಗೊತ್ತದರಿ. ಸಾಯಬಣ್ಣ ಹೇಳ್ಯಾನ." ಅವನು ಹುಣ್ಣಿನಿಂದ ಕೈ ತೆಗೆಯಲಿಲ್ಲ. "ಆಕಿ ಹಂಗ. ಮನ್ಯಾಗೂ ಯಾರಿಗೂ ಏಳಗೊಡ್ತಿದ್ದಿಲ್ಲ, ತಾನ ಏಳ್ತಿದ್ದಳು. ಅದಕ್ಕ ನಿಮ್ಮ ಮ್ಯಾಲ ಸಿಟ್ಟು ಮಾಡಿ ಏನ ಮಾಡ್ಲಿ? ನೀವೆಲ್ಲಾ ನಿಲ್ಲಸು ನಿಲ್ಲಸು ಅಂತ ಚೀರಿದ್ರಂತ. ಸಾಯಬಣ್ಣ ಕೇಳಲಿಲ್ಲ. ಅವನ ಪಾಪ ಅವಗ ಹತ್ತಿತು, ಮೋಟಾರ ಹೋತು."

ಚೀರಿದರಂತೆ. ಯಾರು ಹೇಳಿರಬಹುದು? ಹದಿಮೂರು ಮಂದಿಯಲ್ಲಿ ಒಬ್ಬೊಬ್ಬರೂ ಬಂದು, ಸಮಾಧಾನ ಹೇಳುತ್ತ, ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಚೀರಿರಬೇಕು. ಆ ಮೋಟಾರಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟು ಬೇರೆ ಸದ್ದು ಇರಲಿಲ್ಲ. ಇದನ್ನು ತಿದ್ದಬೇಕು ಎಂದು ಶಾಂತಲಿಂಗಪ್ಪನ ಮನಸ್ಸು ಹೇಳಿತು. ಒಂದು ತಪ್ಪನ್ನು ಒಪ್ಪಿಕೊಂಡು ಕ್ಷಮೆ ಪಡೆದ ಕೂಡಲೇ ಇನ್ನೊಂದನ್ನು ಒಪ್ಪಿಕೊಳ್ಳುವುದು ದುರಾಸೆಯಂತೆ ಅನ್ನಿಸಿತು. ತಿದ್ದದೆ ಬಿಟ್ಟ.

"ನೀವು ಬಂದದ್ದು ಚಲೋ ಆತು," ಎಂದ ಅಮೋಗಸಿದ್ಧ, ದನಿ ತಗ್ಗಿಸಿ. "ಖಂಡೆಪ್ಪ ಕಾಕಾ ಒಂದ ಮಾತು ಅಂದಾನ. ಆ ದಿನ ಮೋಟಾರದಾಗ ಇದ್ದವರು ಯಾರರ ಒಬ್ರು ಭಂಡಾರ ಮುಟ್ಟಿ, ಮುದುಕಿ ಒಳಗ ಇದ್ದಿಲ್ಲ, ನಡಕೋತ ಬರ್ತಿದ್ಲು ಅಂದ್ರ ಸಾಕು, ನನ್ನ ಗಾಡಿ ಲೈನಿಗಿ ಹಚ್ತಾರ. ಸಾಯಬಣ್ಣನ ಮಾತು ನಡಿಯೂದಿಲ್ಲ. ಉಳದವರು ಆಣಿ ಅಂದ್ರ ಅಂಜ್ತಾರ. ಎಂಟು ವಾರ ಆತ್ರಿ. ಇನ್ನ ಎಂಟು ದಿನ ಹೋದ್ರ ಈ ಕುದರೀನ ಮಾರಬೇಕು."

"ನಾನು ಸರಕಾರಕ್ಕ ಬರಕೊಟ್ಟೀನಲ್ಲೋ. ಒಳಗ ಇದ್ದಳು ಅಂತ ಸಹಿ ಮಾಡೀನಿ."

"ಸರಕಾರ ಇಲ್ಲಿಗಿ ಬರೂದಿಲ್ರಿ. ಬಂದ್ರೂ ಟಾಂಗಾದಾಗ ಬರಬೇಕು." ಅಮೋಗಸಿದ್ಧ ನಕ್ಕ, ನಗುತ್ತ ನಗುತ್ತಲೇ ಇವನ ಕೈ ಹಿಡಿದುಕೊಂಡ. ಅರಿಶಿನ ಹತ್ತಿದ ಒರಟು ಕೈ. ಶಾಂತಲಿಂಗಪ್ಪನಿಗೆ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಮೂರು ಗಂಟೆ ಐದು ನಿಮಿಷಕ್ಕೆ ಸ್ಟೇಶನ್ನಿನ ಗೋದಾಮಿನ ನೆರಳಿನಲ್ಲಿ ಟಾಂಗಾದವರು ಕೂಡಿದರು. ಮುಂದಿನ ರೈಲಿಗೆ ಇನ್ನೂ ಒಂದೂವರೆ ತಾಸಿತ್ತು. ಖಂಡೆಪ್ಪ ಕಂಬಳಿಯ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಇವನ ಅಂಗೈಯಲ್ಲಿ ಹಾಕಿದ. ಶಾಂತಲಿಂಗಪ್ಪ ಲಿಂಗ ಕಟ್ಟಿದವನು. ಹುಲಜಂತಿಯ ದೇವರು ನನ್ನ ಮನೆದೇವರಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಕಚೇರಿಯ ಸಾಹೇಬರ ಮಾತಿನಂತೆಯೇ ಕೇಳಿಸಿತು.

"ಎಲ್ಲಿ ಕಂಡ್ರಿ?" ಎಂದ ಖಂಡೆಪ್ಪ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಸಂಸ್ಥಾನದ ನಾಕೆ ದಾಟಿದ ಮ್ಯಾಲ. ನಡಕೋತ ಹೊಂಟಿದ್ಲು."

"ಎಷ್ಟಕ್ಕ?"

"ಹನ್ನೆರಡೂ ಮುಕ್ಕಾಲಕ್ಕ."

"ಸೊಲ್ಲಾಪುರದಿಂದ ಹದಿನಾರು ಮೈಲು ಅದ. ಅಷ್ಟೂ ನಡದಾಳ ಅಂತೀರೇನು, ಆ ವಯಸ್ಸಿನಾಗ?"

ಅವನ ತಲೆ ತನಗೆ ತಾನೇ ಲೆಕ್ಕ ಹಾಕಿತು. ತಾಸಿಗೆ ಎರಡೂವರೆ ಮೈಲು. ಆರು ತಾಸು, ಇಪ್ಪತ್ನಾಲ್ಕು ನಿಮಿಷ. "ನಸುಕಿನ್ಯಾಗ ಆರಕ್ಕ ಬಿಟ್ಟಿದ್ದಳು. ನಾಕೆಯ ಹತ್ರ ಇಪ್ಪತ್ತು ನಿಮಿಷ ಕೂತಿದ್ದಳು. ಸಿಪಾಯಿ ನೀರು ಕೊಟ್ಟ." ಎಲ್ಲವೂ ಒಂದಕ್ಕೊಂದು ಕೂಡಿತು. ಸುಳ್ಳು ಇಷ್ಟು ನಿಷ್ಕೃಷ್ಟವಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹೇಳುತ್ತಿದ್ದಂತೆ ಆಕೆ ಕಾಣಿಸಿದಳು: ಕುಂಭಾರಿಯ ತಂಪು ಬೆಳಗಿನಲ್ಲಿ, ವಳಸಂಗದ ಬಾವಿಯ ಕಟ್ಟೆಯಲ್ಲಿ, ಎಂದೂ ನಡೆಯದ ಆ ದಾರಿಯನ್ನೆಲ್ಲ ನಡೆಯುತ್ತ. ಟಾಂಗಾದವರು ತಲೆ ಆಡಿಸಿದರು. ಒಬ್ಬ, "ಗಟ್ಟಿ ಮುದುಕಿ" ಎಂದ. ಅಮೋಗಸಿದ್ಧ ಕುದುರೆಯ ಲಗಾಮು ಹಿಡಿದು ಮುಂದಕ್ಕೆ ಒಂದು ಹೆಜ್ಜೆ ಬಂದಿದ್ದ, ಹಣೆ ಬೆವೆತಿತ್ತು, ಕಣ್ಣು ಇವನ ಬಾಯಿಯ ಮೇಲಿತ್ತು. ಖಂಡೆಪ್ಪ ಚೀಲದ ಬಾಯಿ ಕಟ್ಟತೊಡಗಿದವನು ನಡುವೆ ನಿಲ್ಲಿಸಿದ.

"ನೀವು ಮೋಟಾರದಾಗ ಇದ್ರಿ."

"ಹೌದು."

"ಗುರುತಿತ್ತೇನು ಆಕಿದು?"

"ಇತ್ತು."

"ಮೋಟಾರದಾಗ ಒಬ್ಬರು ಕೂಡುವಷ್ಟು ಜಾಗ ಇತ್ತೇನು?"

ಬೆಂಚಿನ ಮೇಲೆ ಆಕೆ ಕೂತಿದ್ದ ಕಡೆ ಹಲಗೆಯ ಬಣ್ಣ ಸವೆದು ಬೋಳಾಗಿತ್ತು. ಅದರ ಮೇಲೆ ಬುಟ್ಟಿಯನ್ನು ಇಟ್ಟಿದ್ದ. "ಇತ್ತು," ಎಂದ.

"ಇನ್ನೂ ಎಂಟು ಮೈಲು ಉಳದಿತ್ತು. ಮಟಮಟ ಮಧ್ಯಾಹ್ನ. ಗುರುತಿನ ಮುದುಕಿ. ಒಳಗ ಜಾಗ ಅದ." ಖಂಡೆಪ್ಪ ಒಂದೊಂದನ್ನೂ ಬಿಡಿಸಿ ಇಟ್ಟ. "ಗಾಡಿ ನಿಲ್ಲಸು ಅಂತ ನಿಮ್ಮ ಬಾಯಿಲೆ ಬರಲಿಲ್ಲ?"

ಕಚೇರಿಯಲ್ಲಿ ಇದನ್ನು ಕೇಳಿರಲಿಲ್ಲ. ನೀಲಾಬಾಯಿ ಕೇಳಿರಲಿಲ್ಲ. ಗೋದಾಮಿನ ತಗಡಿನ ಮೇಲೆ ಕಾಗೆಯೊಂದು ಉಗುರು ಕೆರೆಯುತ್ತ ನಡೆಯಿತು. ನಿಲ್ಲಿಸು ಅಂದೆ, ಅವನು ಕೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ಇಷ್ಟು ಹೇಳಿದವನಿಗೆ ಅದೊಂದು ಹೆಚ್ಚಲ್ಲ, ಅಮೋಗಸಿದ್ಧ ಅದನ್ನು ಮೊದಲೇ ನಂಬಿದ್ದ. ಅಂಗೈಯ ಬೆವರಿಗೆ ಭಂಡಾರ ಕೆಸರಾಗಿ ಗೆರೆಗಳಲ್ಲಿ ಇಳಿದಿತ್ತು.

"ಬರಲಿಲ್ಲ."

"ಬ್ಯಾರೆಯವರು?"

"ಯಾರೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ."

ಖಂಡೆಪ್ಪ ಅವನನ್ನು ಒಂದು ಕ್ಷಣ ನೋಡಿ, ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡ. "ಆತು. ಆಣಿ ಮುರದಿಲ್ಲ," ಎಂದು ಎದ್ದ. "ಅಮೋಗಿ, ಗಾಡಿ ತಂದು ಹಿಂದ ಹಚ್ಚು." ಟಾಂಗಾದವರು ಧೂಳು ಝಾಡಿಸಿಕೊಂಡು ಎದ್ದು ಅಂಗಳದ ಕಡೆ ನಡೆದರು. ಲೈನಿನ ಕೊನೆಯವನು ತನ್ನ ಗಾಡಿಯನ್ನು ಒಂದು ಮಾರು ಮುಂದಕ್ಕೆ ಸರಿಸಿ ಹಿಂದೆ ಜಾಗ ಮಾಡಿದ.

"ಏ ಅಮೋಗಿ, ಹಚ್ಚಲೇ!" ಎಂದು ಖಂಡೆಪ್ಪ ಅಂಗಳದಿಂದ ಕೂಗಿದ.

ಲಗಾಮು ಕೈಯಲ್ಲಿ ಹಿಡಿದು ಅಮೋಗಸಿದ್ಧ ಶಾಂತಲಿಂಗಪ್ಪನನ್ನೇ ನೋಡುತ್ತ ನಿಂತಿದ್ದ. ಕುದುರೆ ಎರಡು ಸಲ ತಲೆ ಎಳೆಯಿತು. ಅವನು ಕದಲಲಿಲ್ಲ.